‘ಏನೋ ಒಂದು ಬರ್ಕಳಿ ಸ್ವಾಮಿ’: ಜನನ–ಮರಣ ಮುಖ್ಯ ನೋಂದಣಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ನಿರ್ದೇಶಕರು ಹಾಗೂ ಜನನ–ಮರಣ ಮುಖ್ಯ ನೋಂದಣಾಧಿಕಾರಿಗಳು,
ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ, ಬೆಂಗಳೂರು

ವಿಷಯ: ಮರಣ ನೋಂದಣಿಯ ‘ಸಾವಿನ ಕಾರಣ’ ಎಂಬ ಕಾಲಂ ಕುರಿತು

ಮಾನ್ಯರೇ,

ನಾನು ನಿವೃತ್ತ ಗ್ರಾಮ ಲೆಕ್ಕಿಗ. ಈಗ ಆ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿ ಎಂದು ಹೆಸರಾಗಿದೆ. ಸೇವೆಯಷ್ಟನ್ನೂ ಶಿವಮೊಗ್ಗ ಜಿಲ್ಲೆಯಲ್ಲೇ ಮುಗಿಸಿದೆ. ಪಹಣಿ, ಕಂದಾಯ ವಸೂಲಿ, ಬೆಳೆ ಅಂದಾಜು, ನೆರೆ ಬಂದರೆ ನೆರೆಯ ಪಟ್ಟಿ, ಬರ ಬಂದರೆ ಬರದ ಪಟ್ಟಿ, ಚುನಾವಣೆ ಬಂದರೆ ಅದು. ಇಷ್ಟರ ನಡುವೆ ನನ್ನ ವೃತ್ತದ ಜನನ–ಮರಣ ನೋಂದಣಾಧಿಕಾರಿಯೂ ನಾನೇ. ಅಂದರೆ ತಮ್ಮ ಇಲಾಖೆಯ ಕೊಟ್ಟಕೊನೆಯ ತುದಿಯಲ್ಲಿ ಪೆನ್ನು ಹಿಡಿದು ಕೂತಿದ್ದವನು. ಆ ಪೆನ್ನಿನಿಂದ ನಾನು ಬರೆದ ಒಂದು ಸುಳ್ಳಿನಿಂದಲೇ ಈ ಪತ್ರ ಶುರು ಮಾಡುತ್ತೇನೆ.

ಒಂದು ವರ್ಷ ಜೋಳದ ಕಟಾವಿನ ಹೊತ್ತು. ಕಣದಲ್ಲಿ ಕಾವಲಿಗೆ ಮಲಗಿದ್ದ ಮೂವತ್ತು ದಾಟದ ರೈತನೊಬ್ಬ ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದ. ವಾಂತಿಯಾಯಿತು. ಕಷಾಯ ಕುಡಿಸಿದರು. ಸ್ವಲ್ಪ ಹೊತ್ತಿಗೆ ‘ಕಣ್ಣು ಬಿಡಕ್ಕೆ ಆಗ್ತಿಲ್ಲ’ ಎಂದನಂತೆ, ಮಾತು ಮೂಗಿನಿಂದ ಬರತೊಡಗಿತಂತೆ. ತಾಲ್ಲೂಕು ಆಸ್ಪತ್ರೆಗೆ ಸಾಗಿಸುವ ದಾರಿಯಲ್ಲೇ ಪ್ರಾಣ ಹೋಯಿತು. ವಾಹನವನ್ನು ಅಲ್ಲಿಂದಲೇ ಊರಿಗೆ ತಿರುಗಿಸಿದರು. ತಿಥಿಯೆಲ್ಲ ಮುಗಿದ ಮೇಲೆ ಅವನ ಹೆಂಡತಿ, ಭಾವನ ಜೊತೆ ನನ್ನ ಕಚೇರಿಗೆ ಬಂದಳು. ಸತ್ತವನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ಮರಣ ಪತ್ರ ಬೇಕಿತ್ತು.

ಮರಣ ವರದಿಯ ನಮೂನೆ 2 ತುಂಬುತ್ತಾ ಹೋದೆ. ಹೆಸರು, ವಯಸ್ಸು, ತಂದೆಯ ಹೆಸರು. ಕಾರಣದ ಕಾಲಂಗೆ ಬಂದಾಗ ತಲೆಯೆತ್ತಿ ಕೇಳಿದೆ: ‘ಏನಂತ ಬರಿಲಮ್ಮ?’

‘ಏನೋ ಒಂದು ಬರ್ಕಳಿ ಸ್ವಾಮಿ. ಹೋದೋರು ಬರ್ತಾರಾ?’

‘ಹೃದಯಾಘಾತ’ ಎಂದು ಬರೆದೆ. ಬರೆಯಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

ಇದಾಗಿ ಎಷ್ಟೋ ವರ್ಷದ ಮೇಲೆ ಪಂಚಾಯ್ತಿ ಸಭಾಂಗಣದಲ್ಲಿ ಹಾವು ಕಡಿತದ ಬಗ್ಗೆ ಒಂದು ತಿಳಿವಳಿಕೆ ಕಾರ್ಯಕ್ರಮ ನಡೆಯಿತು. ಅಲ್ಲಿಗೆ ಬಂದಿದ್ದ ವೈದ್ಯರು ಕಟ್ಟುಹಾವಿನ ಬಗ್ಗೆ ಹೇಳತೊಡಗಿದರು. ಅದು ರಾತ್ರಿ ಹೊತ್ತು, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಎಷ್ಟೋ ಸಲ ಉರಿಯಿಲ್ಲ, ಊತವಿಲ್ಲ, ಹಲ್ಲಿನ ಗುರುತು ಹುಡುಕಿದರೂ ಸಿಗುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಬರುತ್ತದೆ, ರೆಪ್ಪೆ ಮುಚ್ಚಿಕೊಳ್ಳುತ್ತದೆ, ಮಾತು ತೊದಲುತ್ತದೆ, ಆಮೇಲೆ ಉಸಿರು ನಿಲ್ಲುತ್ತದೆ. ಕೂತಲ್ಲೇ ನನ್ನ ಕೈಕಾಲು ತಣ್ಣಗಾಯಿತು. ಆ ಹೆಣ್ಣುಮಗಳು ಒಂದೊಂದನ್ನೂ ನನಗೆ ಹೇಳಿದ್ದಳು. ಕೇಳಿಸಿಕೊಂಡೂ ನಾನು ಅದನ್ನು ಬರೆದಿರಲಿಲ್ಲ.

ನನ್ನ ಆ ಒಂದು ಪದದಿಂದ ಏನೇನಾಯಿತು ನೋಡಿ. ಹಾವು ಕಚ್ಚಿ ಸತ್ತ ರೈತನ ಮನೆಯವರು ಕೇಳಬಹುದಾದ ಪರಿಹಾರವನ್ನು ಅವಳು ಕೇಳುವ ದಾರಿಯೇ ಮುಚ್ಚಿತು. ನಮ್ಮ ಹೋಬಳಿಯ ಆ ವರ್ಷದ ಲೆಕ್ಕದಲ್ಲಿ ಹಾವು ಕಡಿತದ ಒಂದು ಸಾವು ಕಡಿಮೆಯಾಗಿ, ಹೃದಯದ ಒಂದು ಸಾವು ಹೆಚ್ಚಾಯಿತು. ವಿಷಕ್ಕೆ ಮದ್ದು ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಷ್ಟು ಇರಬೇಕು ಎಂದು ಮುಂದೆ ಯಾರಾದರೂ ಕಡತ ತೆಗೆದು ನೋಡಿದ್ದರೆ, ನಮ್ಮ ಹೋಬಳಿಗೆ ಅದರ ಅಗತ್ಯವಿದೆ ಎಂದು ಅವರಿಗೆ ಹೇಳುವವರೇ ಇರಲಿಲ್ಲ.

ಒಬ್ಬ ಲೆಕ್ಕಿಗನ ಒಂದು ತಪ್ಪು ಇಷ್ಟು ದೊಡ್ಡದೇ ಎಂದು ತಾವು ಕೇಳಬಹುದು. ಹೀಗೆ ಬರೆದವನು ನಾನೊಬ್ಬನೇ ಆಗಿದ್ದರೆ ಈ ಪತ್ರ ಬೇಕಿರಲಿಲ್ಲ. ಭಾರತದ ಮಹಾ ನೋಂದಣಾಧಿಕಾರಿಗಳ ಕಚೇರಿಯೇ ಪ್ರಕಟಿಸಿದ ವರದಿಯಂತೆ 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸಿದ್ದು ನೂರಕ್ಕೆ 22.5 ಮಾತ್ರ. ಉಳಿದ ಎಪ್ಪತ್ತೇಳಕ್ಕೂ ಹೆಚ್ಚು ಸಾವುಗಳ ಕಾಲಂನಲ್ಲಿ ಇರುವುದು ನನ್ನಂಥವರ ಕೈಬರಹ. ‘ವಯೋಸಹಜ’, ‘ಜ್ವರ’, ‘ಹೊಟ್ಟೆನೋವು’, ‘ಹೃದಯಾಘಾತ’. ಐವತ್ತೆರಡು ವರ್ಷದ ಹೆಂಗಸಿನ ಮುಂದೆಯೂ ‘ವಯೋಸಹಜ’ ಎಂದು ಬರೆದವನು ನಾನು. ಅವರು ವರ್ಷಗಟ್ಟಲೆ ಹೊಗೆ ತುಂಬಿದ ಅಡುಗೆಮನೆಯಲ್ಲಿ ಒಲೆ ಊದಿದವರು, ಕೊನೆಯ ಎರಡು ಚಳಿಗಾಲ ಕೂತೇ ನಿದ್ದೆ ಮಾಡಿದವರು ಎಂದು ಅವರ ಸೊಸೆ ನನಗೆ ಹೇಳಿದ್ದಳು.

ವೈದ್ಯರು ಸಾವಿನ ಕಾರಣ ದೃಢೀಕರಿಸಿ ಆಸ್ಪತ್ರೆಯಿಂದ ಕಳಿಸುವ ನಮೂನೆ 4 ಕೂಡ ಎಲ್ಲ ಸಲ ಉತ್ತಮ ಎನ್ನಲಾರೆ. ಅದನ್ನು ರೂಪಿಸಿದವರು ಬಹಳ ಯೋಚಿಸಿ ರೂಪಿಸಿದ್ದಾರೆ. ಮೊದಲ ಸಾಲಿನಲ್ಲಿ ಸಾವಿಗೆ ತಕ್ಷಣದ ಕಾರಣ, ಅದರ ಕೆಳಗೆ ಅದಕ್ಕೆ ಕಾರಣವಾದದ್ದು, ಅದರ ಕೆಳಗೆ ಎಲ್ಲಕ್ಕೂ ಮೂಲವಾದ ಕಾಯಿಲೆ, ಪಕ್ಕದಲ್ಲಿ ಪ್ರತಿಯೊಂದೂ ಎಷ್ಟು ದಿನದಿಂದ ಇತ್ತು ಎಂಬುದು. ಹೀಗೆ ಮೆಟ್ಟಿಲು ಇಳಿಯುತ್ತಾ ಬುಡ ಮುಟ್ಟಬೇಕು. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕೆಟ್ಟು, ಅದರಿಂದ ಹೃದಯ ನಿಂತರೆ, ಲೆಕ್ಕಕ್ಕೆ ಹೋಗಬೇಕಾದ್ದು ಸಕ್ಕರೆ ಕಾಯಿಲೆ. ನನ್ನ ಮೇಜಿಗೆ ಬರುತ್ತಿದ್ದ ಎಷ್ಟೋ ನಮೂನೆಗಳಲ್ಲಿ ಮೊದಲ ಸಾಲಿನಲ್ಲಿ ‘ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್’ ಎಂದಿರುತ್ತಿತ್ತು, ಕೆಳಗಿನ ಸಾಲುಗಳು ಖಾಲಿ. ಹೃದಯವೂ ಉಸಿರೂ ನಿಂತವು ಅಂತ ಅದರ ಅರ್ಥ. ಸತ್ತವರೆಲ್ಲರಿಗೂ ಅವು ನಿಂತೇ ಇರುತ್ತವೆ. ಅದು ಕಾರಣವಲ್ಲ, ಹಾಗೆ ಬರೆಯಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಗಳೂ ಹೇಳುತ್ತವೆ. ಆದರೂ ಆ ನಮೂನೆಗಳನ್ನು ತಿರುಗಿಸಿ ಕಳಿಸುವ ಅಧಿಕಾರ ನನಗಿದೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ.

ಈ ಅಸಡ್ಡೆ ಇಷ್ಟು ವರ್ಷ ಉಳಿದುಕೊಂಡಿದ್ದಕ್ಕೆ ಒಂದು ಕಾರಣ ಕಾನೂನಿನಲ್ಲೇ ಇದೆ ಎನಿಸುತ್ತದೆ. 1969ರ ಜನನ–ಮರಣ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ ಮನೆಯವರಿಗೆ ಕೊಡುವ ಮರಣ ಪತ್ರದಲ್ಲಿ ಸಾವಿನ ಕಾರಣ ಇರಬಾರದು. ಸತ್ತವರ ಮಾನ ಕಾಯುವ ಒಳ್ಳೆಯ ಉದ್ದೇಶದ ನಿಯಮ ಅದು, ನಾನು ಒಪ್ಪುತ್ತೇನೆ. ಆದರೆ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದರೂ ತಿದ್ದುಪಡಿಗೆ ಹತ್ತು ಸಲ ಅಲೆಯುವ ನಮ್ಮ ಜನ, ಕಾರಣದ ಕಾಲಂನಲ್ಲಿ ಏನಿದೆ ಎಂದು ಒಮ್ಮೆಯೂ ನೋಡಿದವರಲ್ಲ. ಕಣ್ಣಿಗೆ ಬೀಳದ್ದನ್ನು ತಿದ್ದಿಸುವುದು ಹೇಗೆ? 2023ರ ತಿದ್ದುಪಡಿ, ಅದೇ ವರ್ಷ ಅಕ್ಟೋಬರ್ 1ರಿಂದ ಜಾರಿಗೆ ಬಂದದ್ದು, ಇಲ್ಲಿ ಒಂದು ಬಾಗಿಲು ತೆರೆದಿದೆ. ಆಸ್ಪತ್ರೆ ಸರ್ಕಾರಿಯಾಗಿರಲಿ ಖಾಸಗಿಯಾಗಿರಲಿ, ಕಾರಣದ ಪ್ರಮಾಣಪತ್ರವನ್ನು ಉಚಿತವಾಗಿ ಕೊಡಬೇಕು, ಒಂದು ಪ್ರತಿ ಹತ್ತಿರದ ಸಂಬಂಧಿಗೂ ಕೊಡಬೇಕು. ಮನೆಯಲ್ಲಿ ಸತ್ತವರಿಗೆ ಕೊನೆಯ ಕಾಯಿಲೆಯಲ್ಲಿ ಚಿಕಿತ್ಸೆ ಕೊಟ್ಟ ವೈದ್ಯರೂ ಶುಲ್ಕವಿಲ್ಲದೆ ಬರೆದುಕೊಡಬೇಕು. ಇದೇ ತಿದ್ದುಪಡಿ ಶಾಲೆಯಿಂದ ಪಾಸ್‌ಪೋರ್ಟ್‌ವರೆಗೆ ಜನನ ಪತ್ರಕ್ಕೆ ಬೆಲೆ ತಂದ ಸುದ್ದಿ ಊರೂರಿಗೆ ಮುಟ್ಟಿತು. ಸಾವಿನ ಕಾರಣದ ಪ್ರತಿ ಕೇಳಿ ಪಡೆಯಬಹುದು ಎಂಬ ಸುದ್ದಿ ನಮ್ಮ ಊರಿಗೆ ಇನ್ನೂ ಬಂದಿಲ್ಲ.

2025ರ ಜೂನ್ ತಿಂಗಳು ತಮಗೆ ನೆನಪಿರುತ್ತದೆ. ಹಾಸನ ಜಿಲ್ಲೆಯಲ್ಲಿ ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರು ಎಂಬ ಸುದ್ದಿ. ಅವರಲ್ಲಿ ಹರೆಯದವರೂ ಇದ್ದರು. ಟಿವಿಯಲ್ಲಿ ದಿನಕ್ಕೊಂದು ಎಣಿಕೆ. ಮೈಸೂರಿನ, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಾಗುವ ಮೊದಲೇ ಸರತಿ ಸಾಲು. ಲಸಿಕೆಯೇ ಕಾರಣ ಎಂಬ ಮಾತೂ ಹಬ್ಬಿತು. ನನ್ನ ತಂಗಿಯ ಮಗ ಆ ಸೀಮೆಯಲ್ಲೇ ಕೆಲಸದಲ್ಲಿದ್ದಾನೆ. ಫೋನ್ ಮಾಡಿ ‘ಮಾವ, ಎದೆಯಲ್ಲಿ ಏನೋ ಚುಚ್ಚಿದ ಹಾಗಾಗ್ತದೆ’ ಎಂದ. ಅವನಿಗೆ ಏನೂ ಆಗಿರಲಿಲ್ಲ, ಭಯವಾಗಿತ್ತು.

ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಮಿತಿ ಒಂದೊಂದು ಸಾವನ್ನೂ ಬಿಡಿಸಿ ನೋಡಿತು. ಕೆಲವು ಹೃದಯಕ್ಕೆ ಸಂಬಂಧಿಸಿದವೇ ಆಗಿರಲಿಲ್ಲ. ಅಸಹಜ ಏರಿಕೆಯೂ ಕಂಡುಬಂದಿಲ್ಲ ಎಂದಿತು. ಆ ಕೆಲಸ ಮಾಡಿದವರಿಗೆ ಕೈಮುಗಿಯುತ್ತೇನೆ. ಆದರೆ ಸುದ್ದಿ ಎದ್ದ ಮೊದಲ ದಿನವೇ ಜಿಲ್ಲೆಯ ಜನ ಕೇಳಬೇಕಾಗಿದ್ದ ಪ್ರಶ್ನೆ ಒಂದೇ: ಹಿಂದಿನ ವರ್ಷ ಇದೇ ನಲವತ್ತು ದಿನಗಳಲ್ಲಿ ಹಾಸನದಲ್ಲಿ ಎಷ್ಟು ಜನ ಹೃದಯದ ಕಾಯಿಲೆಯಿಂದ ಸತ್ತಿದ್ದರು? ಆ ಸಂಖ್ಯೆ ಕೈಯಲ್ಲಿದ್ದರೆ ಜಿಲ್ಲಾಧಿಕಾರಿಗಳು ಅಂದೇ ಸಂಜೆ ಪತ್ರಕರ್ತರ ಮುಂದೆ ಇಡಬಹುದಿತ್ತು. ಏರಿದ್ದರೆ ಏರಿದೆ ಎಂದೂ ತಿಳಿಯುತ್ತಿತ್ತು. ಹಳ್ಳಿಯ ಕಡತದಲ್ಲಿ ಹಾವು ಕಚ್ಚಿದವನೂ ಹೃದಯಾಘಾತ, ದಮ್ಮಿನವರೂ ಹೃದಯಾಘಾತ ಆಗಿರುವಾಗ ಆ ಸಂಖ್ಯೆಯನ್ನು ಎಲ್ಲಿಂದ ತರುವುದು? ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು ಎಂದು ಆರೋಗ್ಯ ಸಚಿವರು ಆಗ ಹೇಳಿದರು. ಸ್ವಾಗತ. ಅದಕ್ಕೆ ಪ್ರತ್ಯೇಕ ದಾರಿ ಹುಡುಕುವ ಮೊದಲು, ರಾಜ್ಯದ ಪ್ರತಿ ಸಾವೂ ಹಾದುಹೋಗಬೇಕಾದ ದಾರಿ ಐದು ದಶಕಗಳಿಂದ ತಮ್ಮ ಕೈಯಲ್ಲೇ ಇದೆ ಎಂದು ನೆನಪಿಸುತ್ತೇನೆ.

ಕೇಳಿದರೆ ಎಷ್ಟು ತಿಳಿಯುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಪುರಾವೆ ಇದೆ. ಮಾದರಿ ನೋಂದಣಿ ವ್ಯವಸ್ಥೆ, ಎಸ್‌ಆರ್‌ಎಸ್ ಎನ್ನುತ್ತಾರಲ್ಲ, ಅದು ದೇಶದ ಸುಮಾರು 8,800 ಹಳ್ಳಿ–ಬಡಾವಣೆಗಳ ಎಂಬತ್ತು ಲಕ್ಷಕ್ಕೂ ಹೆಚ್ಚು ಜನರ ಹುಟ್ಟು ಸಾವುಗಳನ್ನು ನಿರಂತರವಾಗಿ ಗುರುತಿಸಿಕೊಳ್ಳುತ್ತದೆ. ಈ ಹಳ್ಳಿಗಳಲ್ಲಿ 2001ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ, ಸಂಶೋಧಕ ಪ್ರಭಾತ್ ಝಾ ಮತ್ತು ಅವರ ಸಂಗಡಿಗರು ಮಹಾ ನೋಂದಣಾಧಿಕಾರಿಗಳ ಕಚೇರಿಯೊಂದಿಗೆ ಸೇರಿ ದೊಡ್ಡದೊಂದು ಅಧ್ಯಯನ ನಡೆಸಿದರು. ಮಾಡಿದ್ದು ಇಷ್ಟೇ: ಸಾವಾದ ಮನೆಗೆ ಹೋಗಿ, ಮನೆಯವರನ್ನು ಕೂರಿಸಿಕೊಂಡು, ಕೊನೆಯ ದಿನಗಳಲ್ಲಿ ಏನೇನಾಯಿತು ಎಂದು ಕೇಳಿ ಬರೆದುಕೊಂಡರು. ಆ ಬರಹವನ್ನು ವೈದ್ಯರು ಓದಿ ಕಾರಣ ನಿರ್ಧರಿಸಿದರು. ಇದಕ್ಕೆ ಮೌಖಿಕ ಶವಪರೀಕ್ಷೆ ಎನ್ನುತ್ತಾರೆ. ಈ ದಾರಿಯಲ್ಲಿ ಸಿಕ್ಕ ಮಾಹಿತಿಯಿಂದ 2020ರಲ್ಲಿ ಪ್ರಕಟವಾದ ಅಂದಾಜು: 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000. ಸರ್ಕಾರಿ ಲೆಕ್ಕದಲ್ಲಿ ಕಂಡದ್ದು ಇದರ ಸಣ್ಣ ಪಾಲು ಮಾತ್ರ. ಉಳಿದವರು ನನ್ನಂಥವರ ಪುಸ್ತಕದಲ್ಲಿ ಬೇರೆ ಬೇರೆ ಹೆಸರಿನಲ್ಲಿ ಮಲಗಿದ್ದರು. ಕರ್ನಾಟಕ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿದೆ. ಅದನ್ನು ಓದಿದ ದಿನ ಆ ಕಣದ ರೈತ ಕಣ್ಣ ಮುಂದೆ ಬಂದ.

ಇನ್ನೊಂದು ಮಾತು ನಮ್ಮ ಜಿಲ್ಲೆಯದೇ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿದ್ದನ್ನು ಗಮನಿಸಿದ್ದರಿಂದಲೇ ಮಂಗನ ಕಾಯಿಲೆ ಪತ್ತೆಯಾಯಿತು. ಇಂದಿಗೂ ಮಲೆನಾಡಿನಲ್ಲಿ ಮಂಗ ಸತ್ತು ಬಿದ್ದಿದೆ ಎಂದು ಯಾರಾದರೂ ಹೇಳಿದರೆ ಆರೋಗ್ಯ ಇಲಾಖೆಯವರು ಬರುತ್ತಾರೆ, ಮಾದರಿ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ, ಸುತ್ತ ಕಾಯಿಲೆ ಹರಡುವ ಉಣ್ಣೆ ಹುಳಕ್ಕೆ ಔಷಧಿ ಹಾಕುತ್ತಾರೆ. ಇದು ಹೆಮ್ಮೆಪಡಬೇಕಾದ ವ್ಯವಸ್ಥೆ, ಎಷ್ಟೋ ಜೀವ ಉಳಿಸಿದೆ. ಅದೇ ಊರಿನಲ್ಲಿ ಮನೆಯ ಜಗಲಿಯ ಮೇಲೆ ಮನುಷ್ಯ ಸತ್ತರೆ ಯಾಕೆ ಸತ್ತ ಎಂದು ಕೇಳಲು ಯಾರೂ ಬರುವುದಿಲ್ಲ. ಈ ಮಾತು ಬರೆಯುವಾಗ ನನಗೆ ದುಃಖವಾಗುತ್ತದೆ.

ನಮೂನೆ 2ರಲ್ಲಿ ಇನ್ನೂ ಕೆಲವು ಕಾಲಂಗಳಿವೆ: ಸತ್ತವರಿಗೆ ಬೀಡಿ–ಸಿಗರೇಟಿನ ಅಭ್ಯಾಸ ಇತ್ತೇ, ತಂಬಾಕು ಜಗಿಯುತ್ತಿದ್ದರೇ, ಅಡಿಕೆ ಅಥವಾ ಪಾನ್ ಮಸಾಲ ಜಗಿಯುತ್ತಿದ್ದರೇ, ಮದ್ಯ ಕುಡಿಯುತ್ತಿದ್ದರೇ, ಹೌದಾದರೆ ಎಷ್ಟು ವರ್ಷದಿಂದ. ನಮ್ಮದು ಅಡಿಕೆಯಿಂದ ಬದುಕುವ ಜಿಲ್ಲೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿದಾಗಿನಿಂದ ಬೆಳೆಗಾರರ ಮನೆಗಳಲ್ಲಿ ಆತಂಕ, ಸಭೆಗಳಲ್ಲಿ ವಾದ. ನಾನೂ ಒಂದೆಕರೆ ತೋಟದವನು. ತಂಬಾಕಿಲ್ಲದೆ ಬರೀ ಅಡಿಕೆ ಜಗಿದವರ ಗತಿ ಏನಾಯಿತು ಎಂದು ನಮ್ಮ ಜಿಲ್ಲೆಯ ಸಾವುಗಳಿಂದಲೇ ತಿಳಿಯಲು ಒಂದು ಕಾಲಂ ಇತ್ತು. ನಾನದನ್ನು ಕೇಳದೆಯೇ ‘ಇಲ್ಲ’ ಎಂದು ತುಂಬುತ್ತಾ ಹೋದೆ. ಸಾಲಿನಲ್ಲಿ ಜನ ನಿಂತಿರುತ್ತಿದ್ದರು, ಪಹಣಿಗೆ ಕಾಯುತ್ತಿದ್ದರು. ಇದು ನೆಪವಲ್ಲ, ಅಲ್ಲಿ ನಡೆಯುವುದೇ ಹಾಗೆ.

ವಿಳಂಬದ ವಿಷಯ. ದೇಶದ ಚಿಲ್ಲರೆ ಬೆಲೆ ಸೂಚ್ಯಂಕ ಪ್ರತಿ ತಿಂಗಳ 12ರ ಹೊತ್ತಿಗೆ ಬರುತ್ತದೆ, ಜಿಡಿಪಿ ಮೂರು ತಿಂಗಳಿಗೊಮ್ಮೆ. ಆದರೆ 2021ರಲ್ಲಿ, ಕೋವಿಡ್‌ನ ಎರಡನೇ ಅಲೆಯ ವರ್ಷದಲ್ಲಿ, ಎಷ್ಟು ಜನ ಸತ್ತರು, ಯಾವುದರಿಂದ ಸತ್ತರು ಎಂಬ ವರದಿಗಳು ಹೊರಬಂದದ್ದು 2025ರ ಮೇ ತಿಂಗಳಲ್ಲಿ. 2020ರಲ್ಲಿ ನೋಂದಣಿಯಾದ ಸಾವು 81.2 ಲಕ್ಷ, 2021ರಲ್ಲಿ 1.02 ಕೋಟಿ. ಈ ಹೆಚ್ಚಳವೆಲ್ಲ ಕೋವಿಡ್ ಎಂದು ನಾನು ಹೇಳುವುದಿಲ್ಲ, ನೋಂದಣಿಯೂ ಸುಧಾರಿಸುತ್ತಾ ಬಂದಿದೆ. ಆದರೆ ಒಂದೇ ವರ್ಷದಲ್ಲಿ ಸುಮಾರು 21 ಲಕ್ಷ ಹೆಚ್ಚಾದದ್ದು ನಾಲ್ಕು ವರ್ಷದ ಮೇಲೆ ತಿಳಿದರೆ ಯಾವ ಆಸ್ಪತ್ರೆಗೆ ಏನು ಉಪಯೋಗ? ಇದರ ಜೊತೆಗೆ ಸಾವಿನ ಪ್ರಮಾಣ ಲೆಕ್ಕ ಹಾಕಲು ಜನಸಂಖ್ಯೆ ಬೇಕು. 2011ರ ನಂತರ ಜನಗಣತಿ ಇಲ್ಲದೆ ಇಷ್ಟು ವರ್ಷ ಅಂದಾಜಿನ ಮೇಲೆ ಭಾಗಾಕಾರ ಮಾಡಿದ್ದೇವೆ. 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡ ಗಣತಿಯಿಂದ ಆ ಭಾಗಾಕಾರದ ಕೆಳಗಿನ ಸಂಖ್ಯೆ, ಅಂದರೆ ಜನಸಂಖ್ಯೆ, ಸರಿಹೋಗುತ್ತದೆ. ಮೇಲಿನ ಸಂಖ್ಯೆಯನ್ನು, ಅಂದರೆ ಸಾವಿನ ಲೆಕ್ಕವನ್ನು, ಸರಿಮಾಡುವುದು ತಮ್ಮ ಕೆಲಸ.

ಆಗದ ಕೆಲಸವೇನೂ ಅಲ್ಲ. ತಾಯಂದಿರ ಸಾವನ್ನೇ ನೋಡಿ. 2001–03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಆಸ್ಪತ್ರೆ ಹೆರಿಗೆ, ಆಂಬುಲೆನ್ಸ್, ಆಶಾ ಕಾರ್ಯಕರ್ತೆಯರು, ರಕ್ತನಿಧಿ, ಎಲ್ಲ ಸೇರಿ ಇಳಿಸಿದ್ದು. ಆದರೆ ಬಾಣಂತಿ ಸತ್ತರೆ ಮನೆಗೆ ಹೋಗಿ ಎಲ್ಲಿ ತಡವಾಯಿತು, ಯಾರು ಎಲ್ಲಿಗೆ ಕಳಿಸಿದರು ಎಂದು ಕೇಳಿ ಬರೆದುಕೊಳ್ಳುವ ಪದ್ಧತಿಯೂ ಅದರಲ್ಲಿ ಸೇರಿದೆ. ಒಂದು ಬಗೆಯ ಸಾವಿಗೆ ಮಾಡಿದ್ದನ್ನು ಉಳಿದವಕ್ಕೂ ಮಾಡಬಹುದು.

ಹಾಗಾಗಿ ನನ್ನ ಬೇಡಿಕೆಗಳು ಇವು. ಮನೆಯಲ್ಲಿ ಆದ ಪ್ರತಿ ಸಾವಿಗೂ, ತಿಥಿ ಕಳೆದ ಮೇಲೆ, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯೋ ಆಶಾ ಕಾರ್ಯಕರ್ತೆಯೋ ಹೋಗಿ ಕೂತು ಕೇಳಲಿ. ಕನ್ನಡದಲ್ಲಿ ಎರಡು ಪುಟದ ಪ್ರಶ್ನಾವಳಿ ಸಾಕು. ಅದನ್ನು ಓದಿ ಕಾರಣ ಬರೆಯುವವರು ವೈದ್ಯರಾಗಿರಲಿ. ಆಶಾ ಕಾರ್ಯಕರ್ತೆಯರಿಗೆ ಇದಕ್ಕೆ ಪ್ರತ್ಯೇಕ ಹಣ ಕೊಡಿ, ಈಗಾಗಲೇ ಬಗ್ಗಿದ ಬೆನ್ನಿನ ಮೇಲೆ ಇನ್ನೊಂದು ಮೂಟೆ ಹೊರಿಸಬೇಡಿ. ಎಲ್ಲ ಕಡೆ ಒಂದೇ ಸಲ ಆಗದಿದ್ದರೆ ಜಿಲ್ಲೆಗೊಂದು ತಾಲ್ಲೂಕಿನಿಂದ ಶುರುವಾಗಲಿ. ‘ಹೃದಯ ಸ್ತಂಭನ’, ‘ವಯೋಸಹಜ’, ‘ಉಸಿರಾಟ ನಿಲುಗಡೆ’ ಎಂದಷ್ಟೇ ಬರೆದ ನಮೂನೆಯನ್ನು ಜನನ–ಮರಣ ನೋಂದಣಿಯ ಇ–ಜನ್ಮ ತಂತ್ರಾಂಶ ತೆಗೆದುಕೊಳ್ಳದಿರಲಿ. ಅಂಥ ನಮೂನೆ ಹಿಂದಿರುಗಿಸಲು ನೋಂದಣಾಧಿಕಾರಿಗೆ ಲಿಖಿತ ಅಧಿಕಾರ ಕೊಡಿ, ಇಲ್ಲದಿದ್ದರೆ ದೊಡ್ಡ ಆಸ್ಪತ್ರೆಯ ಮುಂದೆ ಚಿಕ್ಕ ನೌಕರ ಬಾಯಿ ಬಿಡುವುದಿಲ್ಲ. ಮನೆಯವರಿಗೆ ಕಾರಣದ ಪ್ರತಿ ಕೊಡಬೇಕೆಂಬ ನಿಯಮದ ಫಲಕ ಪ್ರತಿ ಆಸ್ಪತ್ರೆಯ ಬಿಲ್ ಕೌಂಟರ್ ಪಕ್ಕ ಕನ್ನಡದಲ್ಲಿ ಇರಲಿ. ಕೊನೆಯದಾಗಿ, ತಾಲ್ಲೂಕುವಾರು ಸಾವುಗಳ ಕಾರಣವನ್ನು, ಹೆಸರುಗಳಿಲ್ಲದೆ, ಮೂರು ತಿಂಗಳಿಗೊಮ್ಮೆ ಪ್ರಕಟಿಸಿ. ನಮ್ಮ ಹಳ್ಳಿಯಿಂದ ಮೇಲೆ ಹೋದ ಲೆಕ್ಕ ನಮ್ಮ ಹಳ್ಳಿಗೆ ಯಾವತ್ತೂ ವಾಪಸ್ ಬಂದದ್ದಿಲ್ಲ. ಬಂದಿದ್ದರೆ, ಈ ವರ್ಷ ನಮ್ಮ ಹೋಬಳಿಯಲ್ಲಿ ಇಷ್ಟು ಜನ ಹಾವು ಕಚ್ಚಿ ಸತ್ತರು ಎಂದು ಪಂಚಾಯ್ತಿ ಗೋಡೆಯ ಮೇಲೆ ಓದಿದ್ದರೆ, ನಾನು ಬರೆಯುವಾಗ ಎರಡು ಸಲ ಯೋಚಿಸುತ್ತಿದ್ದೆ.

ಹೊಸದಾಗಿ ಕೆಲಸಕ್ಕೆ ಸೇರುವ ಗ್ರಾಮ ಆಡಳಿತ ಅಧಿಕಾರಿಗಳಿಗೆ ತರಬೇತಿ ನಡೆಯುತ್ತದೆ. ಅಲ್ಲಿ ಈ ಒಂದು ಕಾಲಂಗೆ ಅರ್ಧ ದಿನ ಮೀಸಲಿಟ್ಟರೆ, ನನ್ನ ಸ್ವಂತ ಖರ್ಚಿನಲ್ಲಿ ಬಂದು ಮಾತಾಡಲು ಸಿದ್ಧನಿದ್ದೇನೆ. ಸೇವೆಯಲ್ಲಿದ್ದಾಗ ಇಟ್ಟುಕೊಂಡ ಡೈರಿಗಳು ಮನೆಯ ಅಟ್ಟದ ಮೇಲಿವೆ. ಯಾರು ಯಾವ ದಿನ ಬಂದರು, ಸತ್ತವರ ಬಗ್ಗೆ ಏನು ಹೇಳಿದರು ಎಂದು ಅಲ್ಲಲ್ಲಿ ಒಂದೆರಡು ಸಾಲು ಬರೆದಿದ್ದೇನೆ. ನೋಂದಣಿ ಪುಸ್ತಕಕ್ಕೆ ಏರದ ಮಾತುಗಳು ಅವು. ಆ ಕಣದ ರೈತನ ಹೆಂಡತಿ ಹೇಳಿದ ‘ಕಣ್ಣು ಬಿಡಕ್ಕೆ ಆಗ್ತಿಲ್ಲ ಅಂದ್ರು’ ಎಂಬ ಮಾತೂ ಅದರಲ್ಲಿದೆ. ತಾವು ಕರೆದರೆ ತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗ್ರಾಮ ಲೆಕ್ಕಿಗ
ಶಿವಮೊಗ್ಗ ಜಿಲ್ಲೆ